ಗವಿಯೊಳಗಿನ ಮೂರು ದಿನ

ನಾನು ಹುಟ್ಟಿ ಬೆಳೆದ ಮನೆಗೆ ಮೂರೇ ಗೋಡೆ. ನಾಲ್ಕನೆಯದು ಧಣಿಯರದು. ಅವರ ನಿಂಬೆ ತೋಟದ ಸುತ್ತ ಎರಡಾಳೆತ್ತರದ ಕರಿಕಲ್ಲಿನ ಗೋಡೆ ಇತ್ತು. ಅದರ ಒಳಮೈಗೆ ಹೊಂದಿಸಿ ನಮ್ಮಪ್ಪನ ಅಪ್ಪ ಮೂರು ಕಡೆ ಮಣ್ಣಿನ ಗೋಡೆ ಎಬ್ಬಿಸಿ, ಜಂತಿ ಹಾಕಿ, ಮೇಲೆ ಮಣ್ಣು ಹೊದಿಸಿ ಎರಡು ಖೋಲಿ ಮಾಡಿದ್ದ. ಒಂದರಲ್ಲಿ ಒಲೆ, ಜೋಳದ ಚೀಲ, ದೇವರು. ಇನ್ನೊಂದರಲ್ಲಿ ನಾವು. ಮಣ್ಣಿನ ಮೂರು ಗೋಡೆ ನಮ್ಮವು. ವರ್ಷ ವರ್ಷ ಸಾರಿಸುವುದು, ಗೂಡು ಕೊರೆಯುವುದು, ಗೂಟ ಬಡಿಯುವುದು ಎಲ್ಲ ಅವುಗಳ ಮೇಲೆಯೇ. ಕಲ್ಲಿನ ಗೋಡೆಗೆ ಒಂದು ಮೊಳೆ ಹೊಡೆಯುವಂತಿರಲಿಲ್ಲ. ನಮ್ಮ ಆಯಿ, ಅಂದರೆ ಅಪ್ಪನ ತಾಯಿ, ಅದಕ್ಕೆ ಬೆನ್ನು ಕೊಟ್ಟು ಕೂರುವಾಗಲೂ ಸೆರಗು ಸರಿಮಾಡಿಕೊಂಡು ಕೂರುವವಳು, ಹಿಂದೆ ಧಣಿಯರೇ ನಿಂತಿದ್ದಾರೇನೋ ಎಂಬಂತೆ. ಸಣ್ಣವಳಿದ್ದಾಗ ಒಮ್ಮೆ ಇದ್ದಿಲು ತೆಗೆದುಕೊಂಡು ಆ ಕಲ್ಲಿನ ಮೇಲೆ ಒಂದು ಎತ್ತು ಬರೆದೆ. ಆಯಿ ನನ್ನ ಕೈಯಿಂದಲೇ ಅದನ್ನು ತೊಳೆಸಿದಳು.

“ಗಂಗೀ, ಉಳದ ಮೂರೂ ಗ್ವಾಡಿ ನಿಮ್ಮಪ್ಪಂದು. ಎತ್ತಾದ್ರೂ ಬರಿ, ಎಮ್ಮಿಯಾದ್ರೂ ಬರಿ. ಇದು ಮಂದೀದು.”

ಇದನ್ನೆಲ್ಲ ಬರೆಯಲು ಕೂತದ್ದಕ್ಕೆ ಕಾರಣ ಒಂದು ಫೋಟೋ. ನಾನು ಬರೆಯುವವಳಲ್ಲ, ಮೂರನೆಯ ಇಯತ್ತೆಗೆ ಸಾಲಿ ಬಿಟ್ಟವಳು. ಈಗ ಇಂಡಿಯಲ್ಲಿ ಮಗಳ ಮನೆಯಲ್ಲಿದ್ದೇನೆ. ಮೊಮ್ಮಗಳು ಸಾವಿತ್ರಿ ಕಾಗುಣಿತ ತಿದ್ದಿಕೊಡುತ್ತಾಳೆ. ಮಾತು ತಿದ್ದಬೇಡ ಎಂದು ಹೇಳಿದ್ದೇನೆ. ಹೋದ ವರ್ಷ ಮುದ್ದೇಬಿಹಾಳದ ಕಡೆ ಒಂದು ಮದುವೆಗೆ ಹೋದೆವು. ಹೋಗಿ ಇಳಿದರೆ ಅದೇ ತೋಟ. ಯಾರೋ ಕೊಂಡು, ನಿಂಬೆ ಗಿಡ ಕಿತ್ತು, ಕಲ್ಯಾಣ ಮಂಟಪ ಕಟ್ಟಿಸಿದ್ದಾರೆ. ನಮ್ಮ ಎರಡು ಖೋಲಿ ಇದ್ದ ಜಾಗದಲ್ಲಿ ಕೈ ತೊಳೆಯುವ ನಳ ಸಾಲಾಗಿ ನಿಂತಿವೆ. ಧಣಿಯರ ಗೋಡೆ ಮಾತ್ರ ಹಾಗೆಯೇ ಇದೆ, ಗೋಡೆಯ ಮೂಲೆಗೆ ಗವಿಯೂ ಇದೆ. ಗವಿಯ ಬಾಯಲ್ಲಿ ಮದುಮಕ್ಕಳನ್ನು ನಿಲ್ಲಿಸಿ ಫೋಟೋ ತೆಗೆಯುತ್ತಿದ್ದರು. ಫೋಟೋದವನು ಸುತ್ತಲಿನವರಿಗೆಲ್ಲ ಕೇಳುವಂತೆ ಹೇಳುತ್ತಿದ್ದ.

“ಇದು ಸುಲ್ತಾನರ ಕಾಲದ್ದ್ರಿ. ಬ್ಯಾಸಗಿ ಬಂದ್ರ ರಾಣಿ ಇಲ್ಲೇ ಬಂದು ಕುಂದರ್ತಿದ್ಲಂತ.”

“ರಾಣಿ ಅಲ್ಲೋ ತಮ್ಮಾ, ಹೊರಗಾದವರು ಕುಂದರ್ತಿದ್ರು,” ಎಂದೆ ನಾನು. “ನಮ್ಮವ್ವ ಕುಂತಾಳ, ನಾನೂ ಕುಂತೇನಿ.”

ಮದುಮಗಳು ಥಟ್ಟನೆ ಎರಡು ಹೆಜ್ಜೆ ಈಚೆ ಬಂದಳು. ಮದುಮಗನ ಸೋದರಮಾವ ನನ್ನ ಮೊಣಕೈ ಹಿಡಿದು “ಬರ್ರಿ ಯಮ್ಮಾ, ಊಟಾ ಮಾಡಬರ್ರಿ” ಎಂದು ಕರೆದುಕೊಂಡು ಹೋದ. ಕರೆದದ್ದು ಊಟಕ್ಕಲ್ಲ, ಅಲ್ಲಿಂದ ಎಬ್ಬಿಸಲು ಎಂದು ನನಗೆ ಗೊತ್ತಿತ್ತು. ಊಟ ಚೆನ್ನಾಗಿತ್ತು, ಮಾಡಿದೆ. ಬಸ್ಸಿನಲ್ಲಿ ಸಾವಿತ್ರಿ ಮುಖ ಊದಿಸಿಕೊಂಡು, “ಅಜ್ಜಿ, ಎಲ್ಲಾರ ಮುಂದ ಹಂಗ ಯಾಕ ಹೇಳ್ತಿ ನೀ?” ಎಂದು ಕೇಳಿದಳು. ಇದ್ದದ್ದನ್ನು ಇದ್ದ ಹಾಗೆ ಹೇಳುವವಳು ಎಂದು ನನಗೆ ಹೆಸರಿದೆ. ಅದು ಗುಣ ಎನ್ನುವವರು ಕೆಲವರು, ರೋಗ ಎನ್ನುವವರು ಹೆಚ್ಚು. ಎಂಟು ವರ್ಷದವಳಿದ್ದಾಗ ಇದೇ ಬಾಯಿಂದ ನಾನು ನಮ್ಮವ್ವನನ್ನು ಕಳೆದುಕೊಂಡೆ. ಅವಳು ಸಾಯಲಿಲ್ಲ. ಅದೇ ಮನೆಯಲ್ಲಿದ್ದಳು, ರೊಟ್ಟಿ ಬಡಿಯುತ್ತಿದ್ದಳು, ನನ್ನ ತಲೆ ಬಾಚುತ್ತಿದ್ದಳು. ನನ್ನ ಹತ್ತಿರ ಮನಸ್ಸು ಬಿಚ್ಚಿ ಮಾತಾಡುವುದನ್ನು ಮಾತ್ರ ಬಿಟ್ಟಳು. ಅದು ಹೇಗಾಯಿತು ಎಂದು ಬಸ್ಸಿನಲ್ಲಿ ಹೇಳಲಿಕ್ಕಾಗಲಿಲ್ಲ, ಇಲ್ಲಿ ಹೇಳುತ್ತೇನೆ.

ಆ ಗವಿ ದೇವರು ಮಾಡಿದ ಗವಿಯಲ್ಲ. ನಮ್ಮ ಎರೆ ನೆಲದಲ್ಲಿ ಗವಿ ಎಲ್ಲಿಂದ ಬರಬೇಕು? ಧಣಿಯರ ಅಜ್ಜ ಕಟ್ಟಿಸಿದ್ದು. ಅವರು ಯಾವನೋ ದೊಡ್ಡ ಸಾಹೇಬನ ಬಂಗಲೆಗೆ ಹೋದಾಗ ಆ ಸಾಹೇಬ ತನ್ನ ದೇಶದ ಮನೆಯ ಚಿತ್ರ ತೋರಿಸಿದನಂತೆ. ಅರಮನೆಯಂಥ ಮನೆ, ಮನೆಗೊಂದು ತೋಟ, ತೋಟದ ಸುತ್ತ ಕಲ್ಲಿನ ಗೋಡೆ, ಗೋಡೆಯ ಮಗ್ಗುಲಲ್ಲಿ ಮನುಷ್ಯರೇ ಕಟ್ಟಿದ ಗವಿ. ಗವಿಯ ಒಳಗೆಲ್ಲ ಸಮುದ್ರದ ಚಿಪ್ಪು ಮೆತ್ತಿದ್ದಾರೆ, ಮೇಲಿನಿಂದ ತೊಟ ತೊಟ ನೀರು ಬೀಳುತ್ತದೆ. ನೋಡಿದ ಧಣಿಯರಿಗೆ ಮನಸ್ಸು ನಿಲ್ಲಲಿಲ್ಲ. ಬಂದವರೇ ಗೌಂಡಿಗಳನ್ನು ಕರೆಸಿದರು. ಸಮುದ್ರ ಎಲ್ಲಿ, ನಾವೆಲ್ಲಿ? ಕೃಷ್ಣಾ ಹೊಳೆಯ ದಂಡೆಯಿಂದ ಚಿಪ್ಪು ಆರಿಸಿ ತರಿಸಿದರು. ಅವು ಅರ್ಧ ಗೋಡೆಗೂ ಸಾಲಲಿಲ್ಲ. ಉಳಿದರ್ಧಕ್ಕೆ ಬಳೆಗಾರರ ಹತ್ತಿರದ ಬಳೆ ಚೂರು, ವಾಡೆಯಲ್ಲಿ, ಅಂದರೆ ಧಣಿಯರ ದೊಡ್ಡ ಮನೆಯಲ್ಲಿ, ಒಡೆದ ಚಹಾದ ಕಪ್ಪು ಬಸಿಗಳ ಚೂರು, ಎಲ್ಲ ಗಚ್ಚಿನಲ್ಲಿ ಒತ್ತಿಸಿದರು. ಸಂಜೆಯ ಬಿಸಿಲು ಒಳಗೆ ಬಿದ್ದರೆ ಹಸಿರು ಕೆಂಪು ಮಿಣುಕುತ್ತಿತ್ತು. ತೊಂದರೆ ಬಂದದ್ದು ನೀರಿನದು. ಸಾಹೇಬನ ದೇಶದಲ್ಲಿ ನೀರು ತಾನಾಗಿಯೇ ತೊಟ್ಟಿಕ್ಕುತ್ತದಂತೆ. ನಮ್ಮಲ್ಲಿ ತೊಟ್ಟಿಕ್ಕಬೇಕಾದರೆ ಯಾರಾದರೂ ಮೇಲೆ ಹತ್ತಿ ಸುರಿಯಬೇಕು. ಅದಕ್ಕೆ ಗವಿಯ ನೆತ್ತಿಯ ಮೇಲೆ ತೊಟ್ಟಿಯಂಥ ಒಂದು ಕಲ್ಲಿನ ದೋಣಿ ಇಟ್ಟು, ಅದರ ತಳಕ್ಕೆ ತೂತು ಕೊರೆಸಿದರು. ವಾಡೆಗೆ ಬೀಗರು ಬಂದ ದಿನ ನಮ್ಮ ಆಯಿ, ಆಗಿನ್ನೂ ಹೊಸ ಸೊಸೆ, ಬಾವಿಯಿಂದ ಕೊಡ ಹೊತ್ತು ಗೋಡೆಯ ಮೆಟ್ಟಿಲು ಹತ್ತಿ ಆ ದೋಣಿಗೆ ಸುರಿಯಬೇಕು. ಕೆಳಗೆ ನಿಂತ ಬೀಗರು, ಆಹಾ ಗವಿ ಬೆವರುತ್ತಿದೆ, ಎನ್ನುವರು.

“ಗವಿ ಎಲ್ಲಿ ಬೆವರತಿತ್ತು,” ಎನ್ನುತ್ತಿದ್ದಳು ಆಯಿ. “ಬೆವರಾಕಿ ನಾ.”

ಆಮೇಲೆ ಧಣಿಯರ ಮಕ್ಕಳು ಪುಣೆ ಸೇರಿದರು. ವಾಡೆಗೆ ಬೀಗ ಬಿತ್ತು. ತೋಟ ನಮ್ಮಪ್ಪನ ಕೈಯಲ್ಲಿ ಉಳಿಯಿತು. ಅಪ್ಪ ಹೆಸರಿಗೆ ತೋಟದ ಮಾಳಿ, ಅವನ ಅರ್ಧ ಆಯುಷ್ಯ ಮಾತ್ರ ಗೋಡೆಗೇ ಹೋಯಿತು. ಎರೆ ಮಣ್ಣು ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಿರಿಯುತ್ತದೆ, ಮಳೆ ಬಿದ್ದರೆ ಉಬ್ಬುತ್ತದೆ. ಬುಡ ಹೀಗೆ ಹೊರಳಾಡಿದರೆ ಮೇಲಿನ ಗೋಡೆ ಹೇಗೆ ಸುಮ್ಮನಿರಬೇಕು? ಎಲ್ಲೋ ಒಂದು ಕಡೆ ಉಬ್ಬಿ ಮುಂದೆ ಬರುತ್ತದೆ. ಅದಕ್ಕೆ ಗೋಡೆ ಹೊಟ್ಟೆ ಬಿಟ್ಟಿದೆ ಎನ್ನುತ್ತಾರೆ. ಹೊಟ್ಟೆ ಬಿಟ್ಟ ಗೋಡೆಯನ್ನು ಒತ್ತಿ ಕೂರಿಸಲು ಬರುವುದಿಲ್ಲ. ಅಷ್ಟುದ್ದ ಕೆಡವಿ, ಕಲ್ಲು ಬಿಡಿಸಿ ಹರವಿಟ್ಟು, ಬುಡದಿಂದ ಮತ್ತೆ ಕಟ್ಟಬೇಕು. ಆಚೆ ಒಂದು ಮೈ, ಈಚೆ ಒಂದು ಮೈ, ನಡುವೆ ಚೂರುಗಲ್ಲು. ಅಲ್ಲಲ್ಲಿ ಎರಡೂ ಮೈಗೆ ಹಾಯುವಂಥ ಒಂದು ಉದ್ದ ಕಲ್ಲು. ಅಪ್ಪ ಕಲ್ಲನ್ನು ಕೈಯಲ್ಲಿ ಒಂದು ಸಲ ತಿರುಗಿಸಿ ನೋಡುವನು, ಎರಡನೆಯ ಸಲ ತಿರುಗಿಸಿದ್ದನ್ನು ನಾನು ನೋಡಿಲ್ಲ. ಕಲ್ಲು ಆರಿಸಿ ಕೊಡುವವಳು ಅವ್ವ. ಇಬ್ಬರಿಗೂ ಮಾತು ಬೇಕಿರಲಿಲ್ಲ. ಅವನು ಕೈ ಹಿಂದೆ ಚಾಚಿದರೆ ಬೇಕಾದ ಕಲ್ಲೇ ಕೈಗೆ ಬರುತ್ತಿತ್ತು. ಜಗಳಾಡಿದ ದಿನವೂ ಬರುತ್ತಿತ್ತು. ಆ ದಿನ ತುಸು ಜೋರಾಗಿ ಇಡುತ್ತಿದ್ದಳು, ಅಷ್ಟೆ.

ನಮ್ಮಲ್ಲಿ ತಿಂಗಳ ಮುಟ್ಟು ಬಂದ ಹೆಂಗಸರು ಮೂರು ದಿನ ಹೊರಗೆ ಕೂರಬೇಕು. ಇದ್ದ ಎರಡು ಖೋಲಿಯಲ್ಲಿ ಒಂದು ದೇವರದು, ಇನ್ನೊಂದರಲ್ಲಿ ಅಪ್ಪ ಇರುತ್ತಾನೆ, ಹೊರಗೆ ಎಂದರೆ ಎಲ್ಲಿ? ವಾಡೆಗೆ ಬೀಗ ಬಿದ್ದ ಮೇಲೆ ಆಯಿಯೇ ಗವಿಯನ್ನು ಅದಕ್ಕೆ ಗೊತ್ತು ಮಾಡಿದಳು. ಕಲ್ಲಿಗೆ ಮೊಳೆ ಹೊಡೆಯಲು ಅಂಜುವವಳು ಇದಕ್ಕೆ ಮಾತ್ರ ಅಂಜಲಿಲ್ಲ. “ಇದಕ್ಕ ನೀರ ಹೊತ್ತಾಕಿ ನಾ. ಅದರಾಗ ನಂದೂ ಒಂದು ಪಾಲೈತಿ,” ಎಂದಳಂತೆ. ಮಕ್ಕಳಿಗೆ ಮುಟ್ಟು ಎಂದರೇನು ಎಂದು ಯಾರೂ ಹೇಳುತ್ತಿರಲಿಲ್ಲ. “ನಿಮ್ಮವ್ವಗ ಕಾಗಿ ಮುಟ್ಟೈತಿ, ದೂರ ನಿಂದರು,” ಎನ್ನುತ್ತಿದ್ದರು. ಎಲ್ಲ ಮನೆಯಲ್ಲಿಯೂ ಹಾಗೆಯೇ ಹೇಳುವುದು. ನಾನು ಅದನ್ನು ಅಕ್ಷರಕ್ಕೆ ಅಕ್ಷರ ನಂಬಿದ್ದೆ. ಕಾಗೆ ಎಂಬ ಹಕ್ಕಿ ಹಾರಿ ಬಂದು ಅವ್ವನ ಭುಜಕ್ಕೋ ತಲೆಗೋ ರೆಕ್ಕೆ ಬಡಿದು ಹೋಗುತ್ತದೆ, ಆಮೇಲೆ ಮೂರು ದಿನ ಅವಳನ್ನು ಯಾರೂ ಮುಟ್ಟಬಾರದು. ಅದು ಅಪ್ಪನನ್ನು ಏಕೆ ಮುಟ್ಟುವುದಿಲ್ಲ ಎಂದು ಕೇಳಿದ್ದೆ.

“ನಿಮ್ಮಪ್ಪಗ ಕಾಗಿನೂ ಅಂಜತೈತಿ,” ಎಂದಳು ಅವ್ವ.

“ಆಯಿನ್ನ ಯಾಕ ಮುಟ್ಟೂದಿಲ್ಲ?”

“ಮುಟ್ಟಿ ಮುಟ್ಟಿ ಅದಕ್ಕೂ ಬ್ಯಾಸರಾಗೈತಿ.”

ಇದು ಒಳ್ಳೆಯ ಪದ್ಧತಿ ಎಂದು ನಾನು ಹೇಳುತ್ತಿಲ್ಲ. ನನ್ನ ಮಗಳನ್ನು ನಾನು ಒಂದು ದಿನವೂ ಹೊರಗೆ ಕೂರಿಸಲಿಲ್ಲ, ಅದಕ್ಕಾಗಿ ಅತ್ತೆಯ ಮನೆಯಲ್ಲಿ ಜಗಳ ಮಾಡಿದ್ದೇನೆ. ಆದರೆ ಆ ಮೂರು ದಿನಗಳು ನನಗೆ ಈಗಲೂ ಬೇಕೆನಿಸುತ್ತವೆ. ಉಳಿದ ದಿನಗಳಲ್ಲಿ ಅವ್ವನ ಕೈ ನಾನು ನೋಡಿದ್ದು ಹಿಟ್ಟಿನಲ್ಲಿ, ಸಗಣಿಯಲ್ಲಿ, ಕಲ್ಲಿನ ಮೇಲೆ. ಗವಿಯಲ್ಲಿ ಮಾತ್ರ ಅವು ಅವಳ ಮಡಿಲಲ್ಲಿ ಸುಮ್ಮನೆ ಬಿದ್ದಿರುತ್ತಿದ್ದವು. ಊಟ ಒಯ್ಯುವ ಕೆಲಸ ನನ್ನದು. ರೊಟ್ಟಿಯನ್ನು ಅವಳ ಗಂಗಾಳಕ್ಕೆ ಮೇಲಿನಿಂದ ಬಿಡಬೇಕು, ಕೈ ತಾಗಬಾರದು. ಪಲ್ಯ ಸುರುವಿದರೆ ಅರ್ಧ ನೆಲಕ್ಕೆ ಬೀಳುತ್ತಿತ್ತು, ಅವ್ವ ನಗುತ್ತಿದ್ದಳು. ಆಮೇಲೆ ನಾನು ಗವಿಯ ಬಾಯಲ್ಲಿ, ಅವಳಿಂದ ಒಂದು ಮಾರು ದೂರ ಕೂತರೆ ಮಾತು ಶುರು. ಅವಳ ತವರು ಮಸೂತಿ ಎಂಬ ಊರು. ಅವಳ ತಂಗಿ ಬೆಣ್ಣೆ ಕದಿಯಲು ಹೋಗಿ ಗಡಿಗೆಯಲ್ಲಿ ತಲೆ ಸಿಕ್ಕಿಸಿಕೊಂಡದ್ದು, ಗಡಿಗೆ ಒಡೆಯುವುದೋ ಬೇಡವೋ ಎಂದು ಮನೆಮಂದಿ ಪಂಚಾಯ್ತಿ ಮಾಡಿದ್ದು. ಕುಸುಬೆ ಹೊಲದಲ್ಲಿ ಓಡಿ ಕಾಲೆಲ್ಲ ಗೀರಿಸಿಕೊಂಡದ್ದು. ಮದುವೆಯಾಗಿ ಬಂದ ದಿನ ಈ ಗೋಡೆ ನೋಡಿ, ನನ್ನನ್ನು ಜೇಲಿಗೆ ಕೊಟ್ಟರು ಎಂದು ಅತ್ತದ್ದು. ಅವ್ವ ಅಷ್ಟು ಮಾತಿನವಳು ಎಂದು ನನ್ನ ಹೊರತು ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಅಪ್ಪನಿಗೂ.

ನನಗೆ ಆರು ಇದ್ದಾಗ ಗವಿಯ ಹಿಂಬದಿಯ ಗೋಡೆ ಹೊಟ್ಟೆ ಬಿಟ್ಟಿತು. ಅಪ್ಪ ಕೆಡವಿ ಕಟ್ಟುತ್ತಿದ್ದ, ಅವ್ವ ಕಲ್ಲು ಕೊಡುತ್ತಿದ್ದಳು. ಕಟ್ಟಡ ಎದೆಮಟ್ಟಕ್ಕೆ ಬಂದಾಗ ಅವ್ವ ಕಲ್ಲು ಕೊಡುವುದನ್ನು ನಿಲ್ಲಿಸಿದಳು. ಅಪ್ಪನ ಚಾಚಿದ ಕೈ ಖಾಲಿ ಉಳಿಯಿತು.

“ಏನ್ರಿ, ಇಲ್ಲೊಂದು ಕಿಂಡಿ ಬಿಡ್ರಿ.”

“ಹುಚ್ಚಿ ಅದಿ ಏನ? ಧಣೇರ ಗ್ವಾಡಿ.”

“ಧಣೇರು ಪುಣೇದಾಗ ಅದಾರ. ಒಂದ ಕಲ್ಲ ಇಲ್ಲ ಅಂತ ರೈಲ ಹತ್ತಿ ಬರ್ತಾರೇನು?”

“ಕಿಂಡಿ ಬಿಟ್ರ ಗ್ವಾಡಿ ಬಲಾ ಹೊಕ್ಕೈತಿ.”

“ನನ್ನ ಬಲಾ ಹೋಗಾಕತ್ತೈತಿ, ಅದನ್ನ ಕೇಳ್ರಿ.”

ಅಪ್ಪ ತಿರುಗಿ ನೋಡಿದ. ಆಮೇಲೆ ಊಟದ ಗಂಗಾಳದಷ್ಟು ಜಾಗ ಬಿಟ್ಟು, ಮೇಲೆ ಒಂದು ಉದ್ದ ಕಲ್ಲು ಹಾಸಿ ಕಟ್ಟಿದ. ಆಯಿಗೆ, ಒಳಗೆ ಗಾಳಿ ಆಡಲಿ ಎಂದು ಬಿಟ್ಟೆ ಎಂದ. ಆಯಿ ಒಪ್ಪಿದಳು.

ಆ ಕಿಂಡಿಯ ಆಚೆ ಬಂಡಿಯ ದಾರಿ, ದಾರಿಯ ಆಚೆ ಮಾಬೂಬಿಯ ಮನೆ. ಮಾಬೂಬಿಯ ಗಂಡ ಗಾದಿ ಹೊಲಿಯುವವನು. ಅವಳು ಎರಡು ಆಡು ಕಟ್ಟಿಕೊಂಡು ಗೋಡೆಯ ಬುಡದ ಹುಲ್ಲು ಮೇಯಿಸುತ್ತಿದ್ದಳು. ತೋಟದ ಬಾಗಿಲಿಂದ ಅವಳು ಒಳಗೆ ಬಾರದವಳಲ್ಲ, ಬರುತ್ತಿದ್ದಳು. ಆದರೆ ಬಂದರೆ ಆಯಿ ಎದುರಿಗೆ ಕೂರುವಳು, ಮಾತೆಲ್ಲ ಆಯಿಯದೇ. ಅವ್ವ ರೊಟ್ಟಿ ಬಡಿಯುತ್ತಾ ಹೂಂ ಎನ್ನಬೇಕು. ಕಿಂಡಿಯಲ್ಲಿ ಮಾತ್ರ ಇಬ್ಬರೇ. ಮಾಬೂಬಿ ಆಚೆ ಕಲ್ಲಿನ ಮೇಲೆ ಕೂತು ಆಡಿಗೆ ಸೊಪ್ಪು ಹಾಕುತ್ತಾ, ಅವ್ವ ಈಚೆ ಗೋಡೆಗೆ ತಲೆ ಆನಿಸಿ. ಒಬ್ಬರ ಮುಖ ಒಬ್ಬರಿಗೆ ಅರ್ಧ ಕಂಡರೆ ಹೆಚ್ಚು.

“ಶಾಂತಕ್ಕಾ, ಊರ ಮಂದೀಗೆಲ್ಲಾ ಮೆತ್ತನ್ನ ಗಾದಿ ಹೊಲೀತಾನ ನನ್ನ ಗಂಡ. ನಮ್ಮ ಗಾದಿ ಮ್ಯಾಲ ಮಲಗಿದ್ರ ನಿಮ್ಮ ಗ್ವಾಡಿ ಮ್ಯಾಲ ಮಲಗಿಧಂಗ ಆಕ್ಕೈತಿ.”

“ನನ್ನ ಗಂಡ ಗ್ವಾಡಿ ಹೊಟ್ಟಿ ನೋಡ್ತಾನ, ನನ್ನ ಹೊಟ್ಟಿ ಕೇಳೂದಿಲ್ಲ. ನಂದೇನ ಹೇಳ್ಲಿ?”

ಇಬ್ಬರೂ ನಗುವರು. ಎಲ್ಲ ಮಾತೂ ನಗುವಂಥದ್ದಾಗಿರಲಿಲ್ಲ. ನಾನು ಹುಟ್ಟಿದ ಮೇಲೆ ಅವ್ವ ಎರಡು ಸಲ ಬಸಿರಾಗಿ, ಎರಡೂ ನಿಲ್ಲಲಿಲ್ಲ. ಮನೆಯಲ್ಲಿ ಆ ಮಾತು ಎತ್ತುವಂತಿರಲಿಲ್ಲ. ಎತ್ತಿದರೆ ಆಯಿ ನಿಂಬೆಹಣ್ಣು ನಿವಾಳಿಸಿ ದೂರ ಒಗೆದು ಬಾ ಎನ್ನುವಳು. ಕಿಂಡಿಯಲ್ಲಿ ಅವ್ವ ಹೇಳುವಳು, ಮಾಬೂಬಿ ಕೇಳುವಳು. ಆಗ ಮಾಬೂಬಿ ಕಿಂಡಿಯೊಳಗೆ ಕೈ ಇಡುತ್ತಿದ್ದಳು. ಹೊರಗಾದವಳನ್ನು ಮುಟ್ಟಬಾರದು ಎಂದು ಮಾಬೂಬಿಗೆ ಗೊತ್ತಿತ್ತು. ಆದರೂ ಇಡುತ್ತಿದ್ದಳು. ಅವ್ವ ಹಿಡಿಯುತ್ತಿದ್ದಳು. ನನಗೆ ಆ ಮಾತುಗಳ ಅರ್ಥ ಆಗುತ್ತಿರಲಿಲ್ಲ, ಕೈ ಮಾತ್ರ ಕಾಣುತ್ತಿತ್ತು.

ಕಿಂಡಿ ಬಂದ ಮೇಲೆ ಅವ್ವನಿಗೆ ಕಾಗೆಯ ಕಾಟ ಹೆಚ್ಚಾಯಿತು. ಮೂರು ದಿನ ನಾಲ್ಕಾಯಿತು, ಒಮ್ಮೊಮ್ಮೆ ಐದಾಯಿತು. ಆಮೇಲೆ ತಿಂಗಳಲ್ಲಿ ಎರಡು ಸಲ ಮುಟ್ಟತೊಡಗಿತು. ಆಯಿ ಮೊದಲು ಗಾಬರಿಯಾದಳು. ಮೈಯಲ್ಲಿ ಉಷ್ಣ ಹೆಚ್ಚಾಗಿದೆ ಎಂದು ಸಬ್ಜಾ ಬೀಜ ನೆನೆಸಿ ಕುಡಿಸಿದಳು, ಮೆಂತ್ಯೆ ಮಜ್ಜಿಗೆ ಕುಡಿಸಿದಳು. ಅವ್ವ ಎಲ್ಲವನ್ನೂ ಮೂಗು ಹಿಡಿದು ಕುಡಿದಳು. ಮೈ ತಂಪಾಯಿತು, ಕಾಗೆ ಮಾತ್ರ ಬಿಡಲಿಲ್ಲ. ಆಯಿ ಈಗ ಅಮಾವಾಸ್ಯೆ ಹುಣ್ಣಿಮೆ ನೆನಪಿಟ್ಟುಕೊಳ್ಳತೊಡಗಿದಳು.

ನನಗೆ ಎಂಟಾದ ವರ್ಷದ ಬೇಸಿಗೆಯಲ್ಲಿ ಒಂದು ದಿನ ಸಂಡಿಗೆ ಇಡುವುದಿತ್ತು. ಅದು ಒಬ್ಬರ ಕೈಯಲ್ಲಿ ಆಗುವ ಕೆಲಸವಲ್ಲ. ಜೋಳದ ಹಿಟ್ಟು ಬೇಯಿಸಿ, ಬಿಸಿಯಿರುವಾಗಲೇ ಅರಿವೆಯ ಮೇಲೆ ಇಡಬೇಕು. ಹಿಟ್ಟು ಕುದಿಯುತ್ತಿರುವಾಗ ಅವ್ವ ಅಂಗಳದ ತುದಿಗೆ ಹೋಗಿ ನಿಂತಳು.

“ಅತ್ತೀ, ನಾ ಹೊರಗಾದೆ.”

“ಮತ್ತ?” ಎಂದಳು ಆಯಿ. “ಹ್ವಾದ ಅಮಾಸಿಗಿ ಕುಂತಿದ್ದಿ. ಇನ್ನ ಹುಣ್ಣಿವಿ ಬಂದಿಲ್ಲ.”

“ನಾ ಏನ ಮಾಡ್ಲ್ರಿ?”

ಅವ್ವ ಗವಿಗೆ ಹೋದಳು. ಆಯಿ ಗೊಣಗುತ್ತಾ ಒಬ್ಬಳೇ ಸಂಡಿಗೆ ಇಟ್ಟಳು. ಕಾಗೆ ಕಚ್ಚಿಕೊಂಡು ಹೋಗದಂತೆ ಕಾಯಲು ನನ್ನ ಕೈಗೆ ಬಡಿಗೆ ಬಂತು. ಬೆಳಗಿನಿಂದ ನಾನು ಕಣ್ಣು ಪಿಳುಕಿಸದೆ ಕಾದಿದ್ದೆ. ಒಂದು ಕಾಗೆಯನ್ನೂ ಅಂಗಳಕ್ಕೆ ಇಳಿಯಗೊಟ್ಟಿರಲಿಲ್ಲ. ಹೀಗಿರುವಾಗ ಅದು ಯಾವ ಕಡೆಯಿಂದ ಬಂದು ಅವ್ವನನ್ನು ಮುಟ್ಟಿತು? ನನ್ನ ಕಾವಲಿಗೆ ಅವಮಾನವಾದಂತಾಯಿತು. ಊಟ ಒಯ್ದಾಗ ಕೇಳಿಯೇ ಬಿಟ್ಟೆ.

“ಅವ್ವಾ, ಖರೇ ಹೇಳು. ಕಾಗಿ ಯಾವಾಗ ಬಂತು? ನಾ ಬಡಿಗಿ ಹಿಡಕೊಂಡ ಕುಂತೇನಿ.”

ಅವ್ವ ಕಿಂಡಿಯ ಕಡೆ ನೋಡಿದಳು. ಆಚೆಯಿಂದ ಮಾಬೂಬಿಯ ನಗು ಕೇಳಿತು.

“ಕಾಗಿ ಬಂದಿಲ್ಲವಾ,” ಎಂದಳು ಅವ್ವ. “ಈ ಸಲ ನಾನೇ ಕರದೇನಿ.”

“ನಿಮ್ಮವ್ವ ಕಾವ್ ಕಾವ್ ಅಂದ್ಲು, ನಾ ಬಂದೆ,” ಎಂದಳು ಮಾಬೂಬಿ ಗೋಡೆಯ ಆಚೆಯಿಂದ.

ಇಬ್ಬರೂ ನಕ್ಕರು. ನಾನೂ ನಕ್ಕೆ. ಸದ್ಯ, ತಪ್ಪು ನನ್ನದಲ್ಲ ಎಂದು ನನಗೆ ಸಮಾಧಾನವಾಗಿತ್ತು. ಅಂಗಳಕ್ಕೆ ಬಂದರೆ ಆಯಿ ಸೊಂಟ ಹಿಡಿದುಕೊಂಡು ಎರಡನೆಯ ಅರಿವೆ ಹಾಸುತ್ತಿದ್ದಳು. ಮುಖ ಬೆಂದಿತ್ತು. ನನ್ನನ್ನು ಕಂಡವಳೇ ಸಿಟ್ಟನ್ನೆಲ್ಲ ನನ್ನ ಮೇಲೆ ತಿರುಗಿಸಿದಳು.

“ಬಾ ಕಾವಲುಗಾರ್ತಿ. ಬಡಿಗಿ ಹಿಡಕೊಂಡು ಏನ ಕಾಯ್ದೆವಾ? ಕಾಗಿ ಬಂದು ನಿಮ್ಮವ್ವನ್ನ ಮುಟ್ಟಿ ಹ್ವಾತು, ನಿನಗ ಕಣ್ಣಿಲ್ಲ.”

“ಒಂದೂ ಕಾಗಿ ಬಂದಿಲ್ಲ ಆಯಿ! ದೇವರಾಣಿ ಬಂದಿಲ್ಲ. ಅವ್ವನ್ನ ಕಾಗಿ ಮುಟ್ಟೇ ಇಲ್ಲ. ತಾನೇ ಕರದಾಳಂತ. ಬೇಕಾದ್ರ ಮಾಬೂಬಿನ್ನ ಕೇಳು.”

ಆಯಿಯ ಕೈ ಹಿಟ್ಟಿನಲ್ಲಿಯೇ ನಿಂತಿತು. ನಾನು ಹೆಮ್ಮೆಯಿಂದ ನಿಂತಿದ್ದೆ, ಅದನ್ನು ಮುಚ್ಚಿಡುವುದಿಲ್ಲ. ಆಯಿ ಎದ್ದು, ಕೈ ತೊಳೆದು, ಒರೆಸಿಕೊಂಡು ಗವಿಯ ಕಡೆ ನಡೆದಳು. ನಾನೂ ಹಿಂದೆ ಓಡಿದೆ.

“ಎದ್ದ ಬಾ.”

“ಯಾಕ್ರಿ ಅತ್ತಿ?”

“ಕಾಗಿ ಮುಟ್ಟಿಲ್ಲಂತ. ನಿನ್ನ ಮಗಳು ದೇವರಾಣಿ ಮಾಡಿ ಹೇಳ್ಯಾಳ.”

ಅವ್ವ ನನ್ನನ್ನು ನೋಡಿದಳು. ಸಿಟ್ಟಿನಿಂದ ನೋಡಲಿಲ್ಲ. ಪರಿಚಯದವರು ಎಂದುಕೊಂಡು ಕೂಗಿ ಕರೆದು, ತಿರುಗಿದ ಮೇಲೆ ಬೇರೆ ಯಾರೋ ಎಂದು ತಿಳಿದಾಗ ನೋಡುತ್ತೇವಲ್ಲ, ಹಾಗೆ ನೋಡಿದಳು.

“ಎರಡ ದಿನ ಕುಂತ್ರ ನಿಮ್ಮ ಮನಿ ಮುಳಗತೈತೇನ್ರಿ?”

“ಮನಿ ಮುಳಗೂದಿಲ್ಲ. ನಾ ಹೊರಗಾದಾಗ ಮೂರೂ ದಿನ ನನ್ನ ಕೈಲೆ ತೋಟದ ಕಸಾ ತಗಸ್ಯಾರ, ಬಿಸಲಾಗ. ಈ ಗವಿಯಾಗ ನನಗ ಯಾರು ಕುಂಡ್ರಿಸಿದ್ರು? ನಿನಗರೆ ಇರಲಿ ಅಂತ ನಾ ಗೊತ್ತ ಮಾಡಿದ್ರ, ನೀ ನನಗ ಸಬ್ಜಾ ಬೀಜಾ ನೆನಸಾಕ ಹಚ್ಚಿ ಒಳಗ ಕುಂತು ನಕ್ಕಿ.”

ಸುಳ್ಳಿಗಿಂತ ಆ ನಗುವೇ ಅವಳಿಗೆ ಹೆಚ್ಚು ನೋವು ಕೊಟ್ಟಿತ್ತು. ಆಯಿಯನ್ನು ಕೆಟ್ಟವಳು ಎಂದು ಬರೆಯಲು ನನಗೆ ಈಗ ಆಗುವುದಿಲ್ಲ. ಅವ್ವ ಎದ್ದು ಸ್ನಾನ ಮಾಡಿ ಬಂದು ಸಂಡಿಗೆ ಇಡಲು ಕೂತಳು. ಆ ಸಂಜೆಯೇ ಅಪ್ಪ ಕಿಂಡಿ ಮುಚ್ಚಿದ. ಆಯಿ ಅವನಿಗೆ ಹೇಳಿದ್ದು ಇಷ್ಟೇ: “ಗಾಳಿ ಸಾಕಾತು.” ಕಿಂಡಿಯಿಂದ ಉಳಿದಿದ್ದ ಕಲ್ಲು ಎರಡು ವರ್ಷದಿಂದ ಬಚ್ಚಲ ಹತ್ತಿರ ಹಿಮ್ಮಡಿ ತಿಕ್ಕುವ ಕಲ್ಲಾಗಿ ಬಿದ್ದಿತ್ತು. ಅಪ್ಪ ಕೈ ಹಿಂದೆ ಚಾಚಿದ. ಅವ್ವ ಆ ಕಲ್ಲನ್ನು ತಂದು ಅವನ ಕೈಗಿಟ್ಟಳು, ಜೋರಾಗಿ ಇಡಲಿಲ್ಲ. ಆಚೆ ಮಾಬೂಬಿಯ ಆಡು ಕೂಗುತ್ತಿತ್ತು. ಕಲ್ಲು ಮೊದಲ ಸಲಕ್ಕೇ ಸರಿಯಾಗಿ ಕೂತಿತು.

ಅವ್ವ ನನಗೆ ಹೊಡೆಯುತ್ತಾಳೆ ಎಂದು ಕಾದೆ. ಹೊಡೆದಿದ್ದರೆ ಅತ್ತು ಮುಗಿಯುತ್ತಿತ್ತು. ಹೊಡೆಯಲಿಲ್ಲ, ಬೈಯಲಿಲ್ಲ. ಮುಂದಿನ ತಿಂಗಳು ಗವಿಗೆ ಕೂತಾಗ ನಾನು ಊಟ ಒಯ್ದು, ಬಾಯಲ್ಲಿ ನನ್ನ ಜಾಗದಲ್ಲಿ ಕೂತೆ. ಅವ್ವ ಉಂಡಳು, ನೀರು ಕುಡಿದಳು.

“ಹೋಗವಾ, ಆಡ ಹೋಗು.”

“ಮಸೂತೀದ ಹೇಳವ್ವಾ.”

“ಮರತೇನಿ.”

ಮೂವತ್ತೂ ದಿನದಲ್ಲಿ ಅವಳು ನನ್ನೊಂದಿಗೆ ಆಡುತ್ತಿದ್ದ ಮಾತು ಎಂದರೆ ನೀರು ತಾ, ಕಸ ಹೊಡಿ, ಎಣ್ಣೆ ಹಚ್ಚುತ್ತೇನೆ ಬಾ. ಎಲ್ಲ ತಾಯಂದಿರೂ ಮಕ್ಕಳೊಂದಿಗೆ ಆಡುವ ಮಾತೇ. ಬೇರೆಯವರಿಗೆ ಏನೂ ಬದಲಾದಂತೆ ಕಾಣುತ್ತಿರಲಿಲ್ಲ. ನಾನು ಅವಳಿಗೆ ಏನೇನೋ ಲಂಚ ಕೊಟ್ಟು ನೋಡಿದೆ. ಹೇಳದೆಯೇ ಪಾತ್ರೆ ತಿಕ್ಕಿದೆ, ಸಾಲಿಯ ಸುದ್ದಿ ತಂದೆ, ಆಯಿಯ ಮೇಲೆ ಚಾಡಿ ಹೇಳಿದೆ. ಚಾಡಿ ಹೇಳಿದ್ದು ಮತ್ತೂ ತಪ್ಪಾಯಿತು. ಅವಳ ಮುಖ ಇನ್ನಷ್ಟು ಮುಚ್ಚಿಕೊಂಡಿತು. ಮಾಬೂಬಿ ತೋಟಕ್ಕೆ ಬರುವುದು ಕಡಿಮೆಯಾಯಿತು. ನಾಲತವಾಡದ ಸಂತೆಯಲ್ಲಿ ಎದುರಾದರೆ ಇಬ್ಬರೂ ಬುಟ್ಟಿ ಹೊತ್ತುಕೊಂಡೇ “ಆರಾಮ ಅದಿ?” “ಆರಾಮ ಅದೇನಿ, ನೀ?” ಎಂದು ಕೇಳಿ, ಮಂದಿಯ ನೂಕಿಗೆ ಒಬ್ಬರು ಆ ಕಡೆ ಒಬ್ಬರು ಈ ಕಡೆ. ನಾನು ಅವ್ವನ ಸೆರಗು ಹಿಡಿದು ನಡುವೆ ನಿಂತಿರುತ್ತಿದ್ದೆ. ಮಾಬೂಬಿ ನನ್ನ ಗಲ್ಲ ಹಿಂಡುತ್ತಿದ್ದಳು. ಅವಳಿಗೆ ನನ್ನ ಮೇಲೆ ಸಿಟ್ಟಿರಲಿಲ್ಲ. ಅದಕ್ಕೇ ನನಗೆ ಅವಳ ಮುಖ ನೋಡಲಾಗುತ್ತಿರಲಿಲ್ಲ.

ಹೀಗೆ ನಾಲ್ಕು ವರ್ಷ. ಕಾಗೆ ಎಂದರೇನು ಎಂದು ನನಗೆ ತಿಳಿದದ್ದು ನಾನು ದೊಡ್ಡವಳಾದ ದಿನ. ಓಣಿಯ ಹೆಂಗಸರು ಆರತಿ ಮಾಡಿದರು, ಉಡಿ ತುಂಬಿದರು, ಹಾಡಿದರು. ಬಡಿಗೆ ಹಿಡಿದು ಕಾಗೆ ಕಾಯ್ದ ಹುಡುಗಿ ಎಂದು ಆಯಿ ಎಲ್ಲರಿಗೂ ಹೇಳಿ ನಗಿಸಿದಳು. ನಾನು ಅವ್ವನ ಮುಖ ಹುಡುಕಿದೆ. ಅವಳು ಒಳಗೆ ಕೊಬ್ಬರಿ ಹೆರೆಯುತ್ತಿದ್ದಳು. ಸಂಡಿಗೆಯ ದಿನ ನಾನು ಏನು ಮಾಡಿದ್ದೆ ಎಂದು ನನಗೆ ಅಲ್ಲಿಯತನಕ ಸರಿಯಾಗಿ ಗೊತ್ತಿರಲಿಲ್ಲ. ಅಷ್ಟು ಮಂದಿ ಹಾಡುತ್ತಿರುವಾಗ, ಮಣೆಯ ಮೇಲೆ ಕೂತಲ್ಲಿಯೇ ಗೊತ್ತಾಯಿತು. ಅರಿವೆ ಹೇಗೆ ಮಡಚಬೇಕು, ಎಲ್ಲಿ ಒಗೆಯಬೇಕು, ಎಲ್ಲಿ ಒಣಗಹಾಕಬೇಕು ಎಂಬುದನ್ನು ಅವ್ವ ಹೇಳಿಕೊಟ್ಟಳು. ಅದಕ್ಕಿಂತ ಹೆಚ್ಚು ಒಂದು ಮಾತೂ ಇಲ್ಲ.

ಮೂರನೆಯ ತಿಂಗಳಿಗೆ ನಾನು ಗವಿಯಲ್ಲಿ ಒಬ್ಬಳೇ ಕೂತೆ. ನಾಲ್ಕನೆಯ ಬೆಳಿಗ್ಗೆ ಆಯಿ ಗವಿಯ ಬಾಯಿಗೆ ಬಂದಳು. ತೋಟದಲ್ಲಿ ಕಾಯಿ ಹಣ್ಣಾಗಿ ಉದುರುತ್ತಿತ್ತು, ಆ ದಿನವೇ ಆರಿಸಿ ಚೀಲ ತುಂಬುವುದಿತ್ತು. ಮುಳ್ಳಿನ ಕೆಲಸ, ಬಗ್ಗಿದ ಬೆನ್ನು ಎತ್ತುವಂತಿಲ್ಲ.

“ಗಂಗೀ, ಮೈ ತೊಕ್ಕೊಂಡು ಬಾ. ಕಾಯಿ ಆರಸೂದೈತಿ.”

ನಾನು ಏಳುವವಳಿದ್ದೆ. ಹಿಂದಿನ ದಿನವೇ ನನಗೆ ಎಲ್ಲ ನಿಂತಿತ್ತು. ಅವ್ವ ಬಾವಿಯಿಂದ ಕೊಡ ಹೊತ್ತು ಬರುತ್ತಿದ್ದವಳು ಆಯಿಯ ಹಿಂದೆ ನಿಂತಳು.

“ಆಕೀದು ಇನ್ನ ನಿಂತಿಲ್ಲ್ರಿ ಅತ್ತಿ.”

ಆಯಿ ಅವಳನ್ನು ನೋಡಿದಳು, ಆಮೇಲೆ ನನ್ನನ್ನು. ಆಯಿಗೆ ನನ್ನ ಬಾಯಿಯ ಮೇಲೆ ನಂಬಿಕೆ. ಈ ಹುಡುಗಿ ಸುಳ್ಳು ಹೇಳುವುದಿಲ್ಲ ಎಂದು ಊರಿಗೆಲ್ಲ ಹೇಳಿಕೊಂಡು ಬಂದಿದ್ದಳು.

“ಖರೇನೇನ?”

ಅವ್ವ ನನ್ನ ಕಡೆ ನೋಡಲಿಲ್ಲ. ತಲೆಯ ಮೇಲಿನ ಕೊಡದ ಕಂಠ ಹಿಡಿದುಕೊಂಡು ಎಲ್ಲೋ ನೋಡುತ್ತಿದ್ದಳು. ಕೊಡದಿಂದ ನೀರು ಅವಳ ಕಿವಿಯ ಹಿಂದೆ ಇಳಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ. ನನ್ನ ನಾಲಿಗೆಯ ತುದಿಗೆ ಬಂದದ್ದು ಖರೇ ಮಾತೇ. ಅದು ತಾನಾಗಿ ಬರುತ್ತದೆ, ಈಗಲೂ ಬರುತ್ತದೆ.

“ಖರೇ ಆಯಿ,” ಎಂದೆ. “ಇನ್ನ ನಿಂತಿಲ್ಲ.”

“ಈಗಿನ ಹುಡಿಗೇರು,” ಎಂದು ಗೊಣಗುತ್ತಾ ಆಯಿ ಬುಟ್ಟಿ ತೆಗೆದುಕೊಂಡು ಗಿಡಗಳ ಕಡೆ ಹೋದಳು. ಅವಳು ಮರೆಯಾಗುವತನಕ ಅವ್ವ ನಿಂತೇ ಇದ್ದಳು. ಆಮೇಲೆ ಕೊಡ ಇಳಿಸಿ, ಗವಿಯ ಬಾಯಲ್ಲಿ, ನನ್ನಿಂದ ಒಂದು ಮಾರು ದೂರ ಕೂತಳು.

“ಹೊಟ್ಟಿ ನೋಯತೈತೇನ?”

“ಇಲ್ಲವ್ವ.”

“ಕೂಡು ಹಂಗಾರ,” ಎಂದಳು. ಆಮೇಲೆ ಮಾತು ಶುರು ಮಾಡಿದಳು. ಬಿಸಿಲು ಗವಿಯ ಒಳಗೆ ಬರುವತನಕ ಹೇಳಿದಳು. ತವರಿನ ಮಾತಲ್ಲ, ತಮಾಷೆಯದೂ ಅಲ್ಲ. ಒಬ್ಬ ಹೆಂಗಸು ಇನ್ನೊಬ್ಬ ಹೆಂಗಸಿಗೆ ಹೇಳುವಂಥದ್ದು. ಏನು ಹೇಳಿದಳು ಎಂದು ಸಾವಿತ್ರಿ ಮೂರು ದಿನದಿಂದ ಕೇಳುತ್ತಿದ್ದಾಳೆ, ಅದಿಲ್ಲದೆ ಇದು ಮುಗಿದ ಹಾಗೆ ಅನಿಸುವುದಿಲ್ಲವಂತೆ. ಅವಳಿಗೂ ಹೇಳಿಲ್ಲ. ಇಲ್ಲಿಯೂ ಬರೆಯುವುದಿಲ್ಲ.